ಟೈಟೇನಿಯಂ ಮೇಲೆ 45ಎಸ್5 ಲೇಸರ್ ಲೇಪನ ಚಕ್ಕೆ ಏಳುತ್ತಿದೆ: ಪವರ್ ಬದಲಿಸಬೇಕೋ, ಗಾಜನ್ನೇ ಬದಲಿಸಬೇಕೋ?

ಪುಡಿಗಾಜು

ಎಲ್ಲರಿಗೂ ನಮಸ್ಕಾರ. ಗ್ರೇಡ್ 23 ಟೈಟೇನಿಯಂ (ಶೇಕಡಾ 6 ಅಲ್ಯೂಮಿನಿಯಂ, 4 ವೆನೇಡಿಯಂ) ಬಿಲ್ಲೆಗಳ ಮೇಲೆ 45ಎಸ್5 ಬಯೋಆಕ್ಟಿವ್ ಗಾಜನ್ನು (ಮೂಳೆಗೆ ಅಂಟಿಕೊಳ್ಳುವ ಗಾಜು, ದೇಹದೊಳಗಿಡುವ ಇಂಪ್ಲಾಂಟ್‌ಗಳ ಲೇಪನಕ್ಕೆ) ಲೇಸರ್‌ನಿಂದ ಕರಗಿಸಿ ಕೂರಿಸಬೇಕಾಗಿದೆ. ವಿವರ ಕೊಡುತ್ತೇನೆ, ಎಲ್ಲಿ ತಪ್ಪಿದೆ ಹೇಳಿ.

ಬಿಲ್ಲೆ 25 ಮಿ.ಮೀ. ವ್ಯಾಸ, 4 ಮಿ.ಮೀ. ದಪ್ಪ. ಅಲ್ಯೂಮಿನಾ ಗ್ರಿಟ್ ಬ್ಲಾಸ್ಟಿಂಗ್ (ಗಟ್ಟಿ ಕಣ ಹೊಡೆದು ಮೇಲ್ಮೈ ಒರಟು ಮಾಡುವುದು) ಆದ ಮೇಲೆ ಅಸಿಟೋನ್, ಎಥನಾಲ್, ಡಿಸ್ಟಿಲ್ಡ್ ನೀರಿನಲ್ಲಿ ತಲಾ 10 ನಿಮಿಷ ಅಲ್ಟ್ರಾಸಾನಿಕ್ ತೊಳೆತ. ಗಾಜಿನ ಪುಡಿ 38 ಮೈಕ್ರಾನ್ ಜರಡಿ ದಾಟಿದ್ದು. ಎಥನಾಲ್ ಮತ್ತು ಪಾಲಿವಿನೈಲ್ ಬ್ಯೂಟಿರಾಲ್ (ಪುಡಿಯನ್ನು ಹಿಡಿದಿಡುವ ಬೈಂಡರ್) ಸೇರಿಸಿದ ಸ್ಲರಿ, ಒಣಗಿದ ಮೇಲೆ ಪದರ 150 ಮೈಕ್ರಾನ್. 1070 ನ್ಯಾನೊಮೀಟರ್ ಫೈಬರ್ ಲೇಸರ್, 1.2 ಮಿ.ಮೀ. ಸ್ಪಾಟ್, 120 ವ್ಯಾಟ್, ಸೆಕೆಂಡಿಗೆ 6 ಮಿ.ಮೀ. ವೇಗ, ಆರ್ಗಾನ್ ನಿಮಿಷಕ್ಕೆ 15 ಲೀಟರ್. ಪ್ರೀಹೀಟ್ ಇಲ್ಲ.

ಫಲಿತಾಂಶ: ಕಪ್ಪು-ಬೂದು ಬಣ್ಣದ ಹೊಳಪಿನ ಗೆರೆ, ಒಳಗೆಲ್ಲ ಗುಳ್ಳೆ, ಗೆರೆಗೆ ಅಡ್ಡಡ್ಡಲಾಗಿ ಬಿರುಕು. ಒಂದಷ್ಟು ಆಗಲೇ ಉದುರುತ್ತದೆ, ಉಳಿದದ್ದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಚಕ್ಕೆಯಾಗಿ ಏಳುತ್ತದೆ. 80 ವ್ಯಾಟ್‌ಗೆ ಇಳಿಸಿದರೆ ಪುಡಿ ಕರಗುವುದೇ ಇಲ್ಲ, ಬೆರಳಿಗೇ ಬರುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳುಗಳನ್ನು ಗುರುತಿಸುವ ಪರೀಕ್ಷೆ) ಗಾಜಿನ ದಿಬ್ಬದ ಮೇಲೆ ಟೈಟೇನಿಯಂ ಸಿಲಿಸೈಡ್‌ನ ಸಣ್ಣ ಶಿಖರಗಳು ಕಾಣುತ್ತಿವೆ. 80ಕ್ಕೂ 120ಕ್ಕೂ ನಡುವೆ ಸರಿಯಾದ ಪವರ್ ಯಾವುದು?

ಕುಲುಮೆಕಟ್ಟೆ

ಆ ಎರಡರ ನಡುವೆ ಸರಿಯಾದ ಪವರ್ ಅಂತ ಒಂದಿಲ್ಲ. ನಿಮ್ಮ ಮೊದಲ ತೊಂದರೆ ಲೇಸರ್‌ನಲ್ಲಿ ಇಲ್ಲ, ಗಾಜು-ಲೋಹದ ಜೋಡಿಯಲ್ಲಿದೆ.

45ಎಸ್5 ಡಿಗ್ರಿಗೆ ಸುಮಾರು 15 ಮಿಲಿಯಾಂಶ (ಹತ್ತು ಲಕ್ಷದಲ್ಲಿ 15 ಪಾಲು) ಹಿಗ್ಗುತ್ತದೆ. ನಿಮ್ಮ ಟೈಟೇನಿಯಂ 9ರಿಂದ 9.5. ಗಾಜು ಗಟ್ಟಿಯಾಗುವುದು 530-550 ಡಿಗ್ರಿಯ ಸುಮಾರಿಗೆ. ಅಲ್ಲಿಂದ ಕೋಣೆಯ ಉಷ್ಣತೆಗೆ ಇಳಿಯುವಾಗ 500 ಡಿಗ್ರಿ ಕುಸಿತ. ವ್ಯತ್ಯಾಸ 5.5 ಮಿಲಿಯಾಂಶ ಎಂದು ಹಿಡಿದರೆ ಗಾಜು ಲೋಹಕ್ಕಿಂತ 0.00275 ಪಾಲು ಹೆಚ್ಚು ಕುಗ್ಗಲು ನೋಡುತ್ತದೆ, ಲೋಹ ಬಿಡುವುದಿಲ್ಲ. ಗಾಜಿನ ಸ್ಥಿತಿಸ್ಥಾಪಕ ಗುಣಾಂಕ 35 ಗಿಗಾಪ್ಯಾಸ್ಕಲ್ ಎಂದು ತೆಗೆದುಕೊಂಡರೆ 96 ಮೆಗಾಪ್ಯಾಸ್ಕಲ್; ಎರಡೂ ದಿಕ್ಕಿನ ಎಳೆತವಾದ್ದರಿಂದ 0.75ರಿಂದ ಭಾಗಿಸಿ, 128 ಮೆಗಾಪ್ಯಾಸ್ಕಲ್. 45ಎಸ್5ನ ಎಳೆತದ ಬಲವೇ 42ರ ಆಸುಪಾಸು. ಮೂರು ಪಟ್ಟು ಮೀರಿದ ಮೇಲೆ ಬಿರುಕು ಬಿಡದೆ ಇನ್ನೇನು ಮಾಡೀತು?

ರಾತ್ರಿ ಕಳೆದ ಮೇಲೆ ಏಳುವುದಕ್ಕೂ ಕಾರಣ ಇದೇ. ಎಳೆತದಲ್ಲಿರುವ ಬಿರುಕಿನ ತುದಿಗೆ ಗಾಳಿಯ ತೇವ ತಾಗಿದರೆ ಸಿಲಿಕಾನ್-ಆಕ್ಸಿಜನ್ ಬಂಧ ಒಂದೊಂದಾಗಿ ಬಿಡುತ್ತ ಹೋಗುತ್ತದೆ, ಬಿರುಕು ನಿಧಾನ ತೆವಳುತ್ತದೆ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಮಾಡಿದರೆ ಇನ್ನೂ ಬೇಗ.

ಲ್ಯಾರಿ ಹೆಂಚ್ 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಈ ಗಾಜನ್ನು ರೂಪಿಸಿದ್ದು ಮೂಳೆಗೆ ಅಂಟಲಿ ಎಂದು. ಟೈಟೇನಿಯಂಗೆ ಅಂಟುವ ಹಾಗೆ ಅದರ ಪಾಕ ಹಾಕಿದ್ದಲ್ಲ.

ಕಿರಣರೇಖೆ

ಕುಲುಮೆಕಟ್ಟೆಯವರ ಲೆಕ್ಕ ಒಪ್ಪುತ್ತೇನೆ. ಆದರೆ ಲೇಸರ್ ನಿರ್ದೋಷಿ ಅಲ್ಲ. 1070 ನ್ಯಾನೊಮೀಟರ್‌ಗೆ ಸಿಲಿಕೇಟ್ ಗಾಜು ಕಿಟಕಿಯಿದ್ದ ಹಾಗೆ. ಪುಡಿಯಲ್ಲಿ ಬೆಳಕು ಅತ್ತಿತ್ತ ಚದುರುತ್ತದೆಯೇ ಹೊರತು ಗಾಜು ಅದನ್ನು ಹೀರುವುದಿಲ್ಲ. ಹೀರುವುದು ಕೆಳಗಿನ ಟೈಟೇನಿಯಂ. ಲೋಹ ಕಾದು, ಆ ಕಾವಿಗೆ ಗಾಜು ಕೆಳಗಿನಿಂದ ಮೇಲಕ್ಕೆ ಕರಗುತ್ತಿದೆ. ಮೇಲಿನ ಪುಡಿ ಕರಗುವ ಹೊತ್ತಿಗೆ ಅಡಿಯ ಲೋಹ ತಾನೇ ಕರಗಿರುತ್ತದೆ.

ಕರಗಿದ ಟೈಟೇನಿಯಂ ಕೈಗೆ ಸಿಲಿಕಾ ಸಿಕ್ಕರೆ ಅದರ ಆಕ್ಸಿಜನ್ ಕಿತ್ತುಕೊಂಡು ಸಿಲಿಸೈಡ್ ಮಾಡುತ್ತದೆ. ಸೋಡಿಯಂ ಆವಿಯಾಗಿ ಗುಳ್ಳೆ ಏಳುತ್ತದೆ. ಟೈಟೇನಿಯಂ ಗಾಜಿನೊಳಗೆ ಬೆರೆತು ಬಣ್ಣ ಕಪ್ಪಾಗುತ್ತದೆ. ನೀವು ಬರೆದ ಲಕ್ಷಣಗಳೆಲ್ಲ ಇವೇ. ನಿಮ್ಮ ಶಕ್ತಿ ಸಾಂದ್ರತೆ 120 ಭಾಗಿಸು (6 ಗುಣಿಸು 1.2), ಅಂದರೆ ಚದರ ಮಿ.ಮೀ.ಗೆ 16.7 ಜೌಲ್. 100 ಮೈಕ್ರಾನ್ ಗಟ್ಟಿ ಗಾಜನ್ನು 1200 ಡಿಗ್ರಿ ಏರಿಸಲು ಬೇಕಿರುವುದು ಸುಮಾರು 0.36 ಜೌಲ್ ಅಷ್ಟೇ. ಸ್ವಲ್ಪ ಭಾಗ ಪ್ರತಿಫಲಿಸಿ ಹೋಗುತ್ತದೆ, ಉಳಿದದ್ದೆಲ್ಲ ಲೋಹದ ಪಾಲು.

ಗಾಜನ್ನು ನೇರ ಕಾಯಿಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್, 10.6 ಮೈಕ್ರಾನ್. ಸಿಲಿಕಾನ್-ಆಕ್ಸಿಜನ್ ಕಂಪನದ ಪಟ್ಟಿ 9-10 ಮೈಕ್ರಾನ್ ಕಡೆಗೇ ಇರುವುದರಿಂದ ಗಾಜು ಮೇಲ್ಮೈಯ ಕೆಲವು ಮೈಕ್ರಾನ್‌ನಲ್ಲೇ ಅದನ್ನು ನುಂಗುತ್ತದೆ. ಲೋಹ ಹೆಚ್ಚಿನ ಪಾಲನ್ನು ಪ್ರತಿಫಲಿಸುತ್ತದೆ. ಟೈಟೇನಿಯಂ ಕರಗದೆ ಗಾಜು ಮಾತ್ರ ಕರಗುವ ಸಾಧ್ಯತೆ ಇರುವುದು ಇಲ್ಲಿ.

ಪುಡಿಗಾಜು

ಹಾಗಾದರೆ ಟೈಟೇನಿಯಂ ಮೇಲೆ 45ಎಸ್5 ಲೇಸರ್ ಕ್ಲಾಡಿಂಗ್ (ಲೇಸರ್‌ನಿಂದ ಕರಗಿಸಿ ದಪ್ಪ ಲೇಪನ ಕೂರಿಸುವುದು) ಆಗಿದೆ ಎಂದು ಪ್ರಕಟವಾದದ್ದೆಲ್ಲ? ಸ್ಪೇನ್‌ನ ವಿಗೊ ವಿಶ್ವವಿದ್ಯಾಲಯದ ತಂಡ 45ಎಸ್5 ಹಾಗೂ ಎಸ್520 ಎಂಬ ಇನ್ನೊಂದು ಬಯೋಆಕ್ಟಿವ್ ಗಾಜು, ಎರಡನ್ನೂ ಮಾಡಿ ತೋರಿಸಿದೆಯಲ್ಲ?

ಕುಲುಮೆಕಟ್ಟೆ

ಮಾಡಿದ್ದಾರೆ. ಮುಖ್ಯವಾದ, ಗಟ್ಟಿ ಕೆಲಸ ಅದು. ಆದರೆ ಎರಡನೇ ಗಾಜನ್ನು ಯಾಕೆ ಜೊತೆಗಿಟ್ಟುಕೊಂಡರು ಎಂದು ಯೋಚಿಸಿ. 45ಎಸ್5 ಮೆತ್ತಗಾಗುವ ಉಷ್ಣತೆಗೂ ಹರಳುಗಟ್ಟುವ ಉಷ್ಣತೆಗೂ ನಡುವೆ ಅಂತರ ತೀರ ಕಿರಿದು. 600 ದಾಟಿ ಸ್ವಲ್ಪ ಮೇಲೆ ಹೋದರೆ ಸೋಡಿಯಂ ಕ್ಯಾಲ್ಸಿಯಂ ಸಿಲಿಕೇಟ್ ಹರಳು ಹುಟ್ಟಲು ಶುರು. ಹರಳಾದರೆ ಸ್ನಿಗ್ಧತೆ ಏರಿ ಹರಿಯುವುದು ನಿಲ್ಲುತ್ತದೆ. ಎಸ್520ರಲ್ಲಿ ಸಿಲಿಕಾ ಹೆಚ್ಚು, ಜೊತೆಗೆ ಪೊಟ್ಯಾಸಿಯಂ ಇದೆ. ಹಾಗಾಗಿ ಹರಿಯಲು ಹೆಚ್ಚು ಅವಕಾಶ. ಲೇಸರ್‌ನ ಲಾಭವೇ ವೇಗವಾಗಿ ಕಾಯಿಸಿ ವೇಗವಾಗಿ ತಣಿಸುವುದು, ಹರಳಿಗೆ ಸಮಯ ಕೊಡದಿರುವುದು. ಆದರೆ ಹಿಗ್ಗುವಿಕೆಯ ಅಂತರವನ್ನು ಯಾವ ವೇಗವೂ ಅಳಿಸುವುದಿಲ್ಲ.

ಎಳೆತ ಇದ್ದರೂ ಬಿರುಕು ಬಿಡದ ದಪ್ಪ ಎಷ್ಟು ಎಂದು ಅಂದಾಜು ಹಾಕಬಹುದು. ಗಾಜಿನ ಬಿರುಕು-ತಾಳಿಕೆ (ಬಿರುಕು ಹರಡದಂತೆ ತಡೆಯುವ ಶಕ್ತಿ) 0.6 ಮೆಗಾಪ್ಯಾಸ್ಕಲ್ ವರ್ಗಮೂಲ ಮೀಟರ್. ಅದನ್ನು 128ರಿಂದ ಭಾಗಿಸಿ ವರ್ಗ ಮಾಡಿ: 22 ಮೈಕ್ರಾನ್. ಪದರದಲ್ಲಿ ಉದ್ದಕ್ಕೆ ಓಡುವ ಬಿರುಕಿನ ಗುಣಕ ಸೇರಿಸಿದರೆ ಅರ್ಧಕ್ಕೆ ಇಳಿಯುತ್ತದೆ. 10ರಿಂದ 20 ಮೈಕ್ರಾನ್ ಅಂದುಕೊಳ್ಳಿ. ನಿಮ್ಮ 150 ಮೈಕ್ರಾನ್ ಪುಡಿ ಕರಗಿ ಕುಸಿದು 80 ಆದರೂ ಆ ಗಡಿಯ ನಾಲ್ಕರಿಂದ ಎಂಟು ಪಟ್ಟು.

ಉಕ್ಕುತುಕ್ಕು

ಗಾಜು ಬದಲಿಸುವ ಬದಲು ಲೋಹ ಬದಲಿಸಿದರೆ? 316ಎಲ್ ಸ್ಟೇನ್‌ಲೆಸ್ 16-17 ಮಿಲಿಯಾಂಶ ಹಿಗ್ಗುತ್ತದೆ. 45ಎಸ್5ಗಿಂತ ಒಂದೆರಡು ಹೆಚ್ಚು. ತಣಿಯುವಾಗ ಲೋಹವೇ ಹೆಚ್ಚು ಕುಗ್ಗಿ ಗಾಜನ್ನು ಅದುಮಿ ಹಿಡಿಯುತ್ತದೆ. ಗಾಜಿಗೆ ಅದುಮು ಅಂದರೆ ಹಬ್ಬ. ಎನಾಮಲ್ ಪಾತ್ರೆ ಮಾಡುವವರು ಮಾಡುವುದೂ ಅದನ್ನೇ.

ಮೂಳೆಮಜ್ಜೆ

ಯಾಂತ್ರಿಕವಾಗಿ ನೀವು ಹೇಳಿದ್ದು ಸರಿ, 1970ರ ದಶಕದಲ್ಲೇ 316ಎಲ್ ಮೇಲೆ ಬಯೋಗ್ಲಾಸ್ ಲೇಪಿಸಿ ನೋಡಿದ್ದಾರೆ. ಆದರೆ ಇಂದು ಸ್ಟೇನ್‌ಲೆಸ್ ಹೆಚ್ಚಾಗಿ ಹೋಗುವುದು ಮುರಿತಕ್ಕೆ ಹಾಕುವ ಪ್ಲೇಟು, ಸ್ಕ್ರೂಗಳಿಗೆ. ಅವುಗಳಲ್ಲಿ ಎಷ್ಟೋ ಮೂಳೆ ಕೂಡಿದ ಮೇಲೆ ತೆಗೆಯಬೇಕಾದವು. ಮೂಳೆಗೆ ಗಟ್ಟಿಯಾಗಿ ಅಂಟುವ ಲೇಪನ ಹಾಕಿದ ಸ್ಕ್ರೂ ತೆಗೆಯುವ ಶಸ್ತ್ರವೈದ್ಯರ ಕಷ್ಟ ಊಹಿಸಿ, ಸ್ಕ್ರೂವಿನ ತಲೆ ಕಿತ್ತು ಬರುತ್ತದೆ, ಉಳಿದದ್ದು ಮೂಳೆಯೊಳಗೇ ಉಳಿಯುತ್ತದೆ. ಅಂಟುವಿಕೆ ನಿಜವಾಗಿ ಬೇಕಾಗಿರುವುದು ಕಾಯಂ ಇರುವ ಕೃತಕ ಸೊಂಟದ ಕೀಲಿನ ಕಾಂಡ, ಕೃತಕ ಹಲ್ಲಿನ ಬೇರುಗಳಲ್ಲಿ. ಅಲ್ಲಿ ಟೈಟೇನಿಯಂ.

ಜೊತೆಗೆ ಕರಗಿದ ಗಾಜಿನೊಳಗೆ ಕಬ್ಬಿಣ, ಕ್ರೋಮಿಯಂ ಸೇರುತ್ತವೆ. ಹೆಚ್ಚು ಆವೇಶದ ಲೋಹ ಅಯಾನುಗಳು ಗಾಜಿನ ಜಾಲವನ್ನು ಬಿಗಿ ಮಾಡಿ ಕರಗುವಿಕೆ ತಗ್ಗಿಸುತ್ತವೆ. ಇದರಲ್ಲಿ ಅಲ್ಯೂಮಿನಿಯಂ ಎಲ್ಲಕ್ಕಿಂತ ಕೆಟ್ಟದು. 45ಎಸ್5ಗೆ ತೂಕದಲ್ಲಿ 3 ಶೇಕಡಾ ಅಲ್ಯೂಮಿನಾ ಸೇರಿದರೆ ಮೂಳೆಗೆ ಅಂಟುವ ಗುಣವೇ ಹೋಗುತ್ತದೆ. ಪುಡಿಗಾಜು ಅವರೇ, ನೀವು ಅಲ್ಯೂಮಿನಾ ಗ್ರಿಟ್ ಹೊಡೆದಿದ್ದೀರಿ. ಟೈಟೇನಿಯಂ ಮೆದು, ಗ್ರಿಟ್‌ನ ಚೂರು ಒಳಗೆ ನಾಟಿಕೊಂಡಿರುತ್ತದೆ, ಅಲ್ಟ್ರಾಸಾನಿಕ್‌ಗೆ ಬರುವುದಿಲ್ಲ. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬ್ಯಾಕ್‌ಸ್ಕ್ಯಾಟರ್ ಚಿತ್ರ ತೆಗೆಯಿರಿ, ಬೂದು ಲೋಹದಲ್ಲಿ ಮೂಲೆಮೂಲೆಯಾದ ಕಪ್ಪು ಚೂರುಗಳು ಕಾಣುತ್ತವೆ. ಕ್ಯಾಲ್ಸಿಯಂ ಫಾಸ್ಫೇಟ್ ಗ್ರಿಟ್ ಬಳಸಿ, ಉಳಿದದ್ದನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆಯಬಹುದು. ಗಾಜು ಕರಗಿಸಿದ್ದು ಅಲ್ಯೂಮಿನಾ ಮೂಸೆಯಲ್ಲೋ, ಪ್ಲಾಟಿನಂನಲ್ಲೋ? ಅಲ್ಯೂಮಿನಾ ಆಗಿದ್ದರೆ ಅಲ್ಲೂ ಅದೇ ಕಳಂಕ.

ಪುಡಿಗಾಜು

ಅಲ್ಯೂಮಿನಾ ಮೂಸೆಯೇ. ಟೈಟೇನಿಯಂ ಬಿಡುವ ಹಾಗಿಲ್ಲ, ಆದ್ದರಿಂದ ಗಾಜು ಬದಲಿಸುತ್ತೇನೆ. ಯಾವುದು?

ಕುಲುಮೆಕಟ್ಟೆ

6ಪಿ57. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಟೈಟೇನಿಯಂಗೆಂದೇ ಹೊಂದಿಸಿದ ಸರಣಿಯದು. ತೂಕದ ಶೇಕಡಾ: ಸಿಲಿಕಾ 56.5, ಸೋಡಿಯಂ ಆಕ್ಸೈಡ್ 11, ಪೊಟ್ಯಾಸಿಯಂ ಆಕ್ಸೈಡ್ 3, ಮೆಗ್ನೀಸಿಯಂ ಆಕ್ಸೈಡ್ 8.5, ಕ್ಯಾಲ್ಸಿಯಂ ಆಕ್ಸೈಡ್ 15, ಫಾಸ್ಫರಸ್ ಪೆಂಟಾಕ್ಸೈಡ್ 6. ಹಿಗ್ಗುವಿಕೆ 10.8. ಸೋಡಿಯಂ ಇಳಿಸಿದ್ದರಿಂದ ಹಿಗ್ಗುವಿಕೆ ಇಳಿಯಿತು. ಆ ಜಾಗಕ್ಕೆ ಬಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಹರಳುಗಟ್ಟುವುದನ್ನು ತಡೆಯುತ್ತವೆ. ಇದೇ ಸಾಲಿನ 6ಪಿ61ರಲ್ಲಿ ಸಿಲಿಕಾ 61.1, ಹಿಗ್ಗುವಿಕೆ 10.2. ಲೋಹಕ್ಕೆ ಇನ್ನೂ ಹತ್ತಿರ, ಆದರೆ ಹೀಗೆ ಕರಗಿಸಿ ಮಾಡಿದ ಗಾಜಿನಲ್ಲಿ ಸಿಲಿಕಾ 60 ದಾಟಿದರೆ ಮೇಲೆ ಅಪಟೈಟ್ (ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಬೆಳೆಯುವುದಿಲ್ಲ.

ಇದರ ಬೆಲೆ ತೆರಬೇಕು. 45ಎಸ್5 ಮೇಲೆ ಅಪಟೈಟ್ ಬೆಳೆಯುವುದು ಗಂಟೆ, ದಿನಗಳ ಲೆಕ್ಕ. 6ಪಿ57 ಮೇಲೆ ವಾರಗಳು. ಎರಡನ್ನೂ ಬೇಕು ಎನ್ನುವವರು ಕೆಳಗೆ 6ಪಿ61 ಹಾಕಿ, ಅದು ಮೆತ್ತಗಿರುವಾಗ ಮೇಲ್ಮೈಯಲ್ಲಿ 45ಎಸ್5 ಅಥವಾ ಹೈಡ್ರಾಕ್ಸಿಅಪಟೈಟ್ ಕಣಗಳನ್ನು ನಾಟುತ್ತಾರೆ. ಕಣಗಳು ಬಿಡಿಬಿಡಿಯಾಗಿ ಕೂತಿರುವುದರಿಂದ ಉದ್ದಕ್ಕೆ ಎಳೆತ ಸೇರುವುದಿಲ್ಲ. ನನ್ನ ಮಟ್ಟಿಗೆ ಟೈಟೇನಿಯಂ ಮೇಲೆ ದಪ್ಪ ಲೇಪನಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನೊಂದು, ಸಿಲಿಸೈಡ್ ಎಂದ ಕೂಡಲೇ ಹೆದರಬೇಡಿ. ಬರ್ಕ್ಲಿಯವರ ಒಳ್ಳೆಯ ಲೇಪನಗಳಲ್ಲೂ ಗಡಿಯಲ್ಲಿ ಟೈಟೇನಿಯಂ ಸಿಲಿಸೈಡ್ ಇತ್ತು, ಆದರೆ 150 ನ್ಯಾನೊಮೀಟರ್‌ಗಿಂತ ತೆಳ್ಳಗೆ. 800-820 ಡಿಗ್ರಿಯಲ್ಲಿ ಒಂದು ನಿಮಿಷವೂ ಇಡದೆ ತೆಗೆದದ್ದರಿಂದ. ಆ ತೆಳು ಪದರವೇ ಬೆಸುಗೆ. ನಿಮ್ಮದು ಸಾಮಾನ್ಯ ಎಕ್ಸ್‌ಆರ್‌ಡಿಗೇ ಕಾಣುವಷ್ಟು ಬೆಳೆದಿದೆ, ಅದು ರೋಗ.

ನಿರ್ವಾತ

ದಪ್ಪ ಲೇಪನವೇ ಬೇಕೆಂದು ಯಾರು ಹೇಳಿದರು? ಪಲ್ಸ್ಡ್ ಲೇಸರ್ ಡಿಪೊಸಿಷನ್‌ನಲ್ಲಿ (ಪಿಎಲ್‌ಡಿ: ಟಾರ್ಗೆಟ್ ಎಂಬ ಗಾಜಿನ ತುಂಡನ್ನು ಲೇಸರ್ ಮಿಡಿತದಿಂದ ಆವಿ ಮಾಡಿ, ಆ ಆವಿಯನ್ನು ಬಿಲ್ಲೆಯ ಮೇಲೆ ಕೂರಿಸುವುದು) ಒಂದು ಮೈಕ್ರಾನ್ ಪದರ ಕೂರಿಸಿ. ಕುಲುಮೆಕಟ್ಟೆಯವರ ಸೂತ್ರದ ಪ್ರಕಾರವೇ 10 ಮೈಕ್ರಾನ್‌ಗಿಂತ ಎಷ್ಟೋ ಕೆಳಗೆ, 45ಎಸ್5 ಕೂಡ ಬಿರುಕು ಬಿಡದೆ ನಿಲ್ಲುತ್ತದೆ. ಲೋಹ ಕರಗುವುದೂ ಇಲ್ಲ, ಫಟೀಗ್ ಬಲವೂ (ಪದೇ ಪದೇ ಬೀಳುವ ಹೊರೆ ತಾಳುವ ಬಲ) ಕೆಡುವುದಿಲ್ಲ. ಲೋಹದ ಮೇಲ್ಮೈ ಕರಗಿ ಮರುಗಟ್ಟಿದ ಕಾಂಡ ಲಕ್ಷಾಂತರ ಹೆಜ್ಜೆಗಳ ಭಾರ ಹೊರುವಾಗ ಬಿರುಕು ಹುಟ್ಟುವುದು ಅಲ್ಲಿಂದಲೇ. ಇದನ್ನು ಕ್ಲಾಡಿಂಗ್ ಪಕ್ಷದವರು ಮರೆಯಬಾರದು.

ವ್ಯವಸ್ಥೆ: ಆರ್ಗಾನ್ ಫ್ಲೋರೈಡ್ ಎಕ್ಸೈಮರ್ 193 ನ್ಯಾನೊಮೀಟರ್ ಸಿಕ್ಕರೆ ಉತ್ತಮ, ಕ್ರಿಪ್ಟಾನ್ ಫ್ಲೋರೈಡ್ 248 ಆದರೂ ನಡೆಯುತ್ತದೆ. ತರಂಗಾಂತರ ಗಿಡ್ಡವಾದಷ್ಟೂ ಗಾಜು ಮೇಲ್ಮೈಯಲ್ಲೇ ಹೀರಿ, ಹನಿಯಾಗದೆ ಆವಿಯಾಗುತ್ತದೆ. ಟಾರ್ಗೆಟ್ ಮೇಲೆ ಚದರ ಸೆಂ.ಮೀ.ಗೆ 2ರಿಂದ 5 ಜೌಲ್, ಸೆಕೆಂಡಿಗೆ 10 ಮಿಡಿತ. ಚೇಂಬರನ್ನು ಮೊದಲು ಹತ್ತು ಸಾವಿರದಲ್ಲೊಂದು ಪ್ಯಾಸ್ಕಲ್‌ಗೆ ಇಳಿಸಿ, ಆಮೇಲೆ 10-30 ಪ್ಯಾಸ್ಕಲ್ ಆಕ್ಸಿಜನ್ ಬಿಡಿ. ಟಾರ್ಗೆಟ್‌ನಿಂದ ಬಿಲ್ಲೆಗೆ 40-50 ಮಿ.ಮೀ. ಬಿಲ್ಲೆಯ ಉಷ್ಣತೆ 200ರಿಂದ 400 ಡಿಗ್ರಿ. ಅದಕ್ಕಿಂತ ಮೇಲೆ ಹೋದರೆ ಹರಳುಗಟ್ಟುವ ಭಯ, ತೀರ ತಣ್ಣಗಿದ್ದರೆ ಹಿಡಿತ ಸಾಲದು. ಮಿಡಿತಕ್ಕೆ 0.05 ನ್ಯಾನೊಮೀಟರ್ ಬೆಳೆಯುತ್ತದೆ ಎಂದು ಹಿಡಿದರೆ ಒಂದು ಮೈಕ್ರಾನ್‌ಗೆ 20,000 ಮಿಡಿತ, ಅಂದರೆ 33 ನಿಮಿಷ. ನಿಮ್ಮ ಚೇಂಬರ್‌ನ ನಿಜವಾದ ದರ ತಿಳಿಯಲು ಸಿಲಿಕಾನ್ ಚೂರಿಗೆ ಅರ್ಧ ಮುಸುಕು ಹಾಕಿ 5,000 ಮಿಡಿತ ಕೊಟ್ಟು ಮೆಟ್ಟಿಲಿನ ಎತ್ತರ ಪ್ರೊಫೈಲೋಮೀಟರ್‌ನಲ್ಲಿ ಅಳೆಯಿರಿ.

ಕೆಡುವುದು ಎಲ್ಲಿ ಅಂದರೆ ಟಾರ್ಗೆಟ್‌ನಲ್ಲಿ. ಪುಡಿ ಒತ್ತಿ ಸಿಂಟರ್ ಮಾಡಿದ ಟಾರ್ಗೆಟ್ ಸಡಿಲವಾಗಿದ್ದರೆ ಕಣಗಳೇ ಹಾರಿ ಬಂದು ಪದರದಲ್ಲಿ ಗುಂಡುಗುಂಡಾಗಿ ಕೂರುತ್ತವೆ. ಎರಕದ ಗಾಜಿನ ತುಂಡು ವಾಸಿ, ಆದರೆ ಅದು ಉಷ್ಣ ಆಘಾತಕ್ಕೆ ಸೀಳುತ್ತದೆ, ಆದ್ದರಿಂದ ಚೆನ್ನಾಗಿ ಅನೀಲ್ ಮಾಡಿ (ಕಾಯಿಸಿ ನಿಧಾನ ತಣಿಸಿ). ಟಾರ್ಗೆಟ್ ಸದಾ ತಿರುಗುತ್ತಿರಬೇಕು. ಒಂದೇ ಜಾಗಕ್ಕೆ ಹೊಡೆದರೆ ಕುಳಿ ಬಿದ್ದು ಪ್ಲೂಮ್ (ಚಿಮ್ಮುವ ಆವಿಯ ಜ್ವಾಲೆ) ಪಕ್ಕಕ್ಕೆ ವಾಲುತ್ತದೆ, ಸಂಯೋಜನೆಯೂ ಬದಲಾಗುತ್ತದೆ.

ಮೂಳೆಮಜ್ಜೆ

ನಿರ್ವಾತ ಸರ್, ಒಂದು ಮೈಕ್ರಾನ್ 45ಎಸ್5 ದೇಹದ್ರವದಲ್ಲಿ ಎಷ್ಟು ದಿನ ಬಾಳುತ್ತದೆ? ಮೊದಲು ಸೋಡಿಯಂ ಹೊರಗೆ, ಹೈಡ್ರೋಜನ್ ಒಳಗೆ. ಆಮೇಲೆ ಸಿಲಿಕಾ ಜಾಲ ಒಡೆದು ಸಿಲಿಕಾ ಜೆಲ್. ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್. ದಪ್ಪ ಗಾಜಿನಲ್ಲಿ ಈ ಜೆಲ್ ಪದರವೇ ಹತ್ತಾರು ಮೈಕ್ರಾನ್ ಆಗುತ್ತದೆ. ನಿಮ್ಮ ಇಡೀ ಲೇಪನ ಮೊದಲ ಹಂತದಲ್ಲೇ ಮುಗಿದುಹೋಗುತ್ತದೆ. ಮೂಳೆ ಬರುವ ಹೊತ್ತಿಗೆ ಅಲ್ಲಿ ಏನಿರುತ್ತದೆ?

ನಿರ್ವಾತ

ಬರಿ ಟೈಟೇನಿಯಂ ಇರುತ್ತದೆ, ಅದರ ಮೇಲೆ ತೆಳು ಅಪಟೈಟ್. ಅದು ಸಾಕು ಎನ್ನುವುದು ನನ್ನ ವಾದ. ಲೇಪನದ ಕೆಲಸ ಮೊದಲ ದಿನಗಳಲ್ಲಿ ಕ್ಯಾಲ್ಸಿಯಂ, ಸಿಲಿಕಾನ್ ಬಿಟ್ಟು ಜೀವಕೋಶಗಳನ್ನು ಕರೆಯುವುದು. ಹೊರೆ ಹೊರುವ ಹಿಡಿತ ಒರಟು ಟೈಟೇನಿಯಂನದ್ದು. ಗಾಜು ಮಾಯವಾದರೆ ಸಡಿಲಗೊಳ್ಳಲು ಗಾಜೇ ಇಲ್ಲ. 80 ಮೈಕ್ರಾನ್ ಗಾಜು ಅರ್ಧ ಕರಗಿ, ಅಡಿಯಲ್ಲಿ ಟೊಳ್ಳಾಗಿ, ಎರಡು ವರ್ಷದ ಮೇಲೆ ಚಕ್ಕೆ ಕಿತ್ತು ಕೀಲಿನೊಳಗೆ ಬಿದ್ದರೆ ಮರಳಿನ ಹಾಗೆ ಉಜ್ಜುತ್ತದೆ.

ಮೂಳೆಮಜ್ಜೆ

ಚಕ್ಕೆ ಕೀಲಿಗೆ ಬೀಳುವ ಭಯ ನಿಜ, ಅದಕ್ಕೆ ಎದುರು ಮಾತಿಲ್ಲ. ಆದರೆ ಒರಟು ಮೇಲ್ಮೈ ಮೇಲೆ ಪಿಎಲ್‌ಡಿ ಪದರ ಸಮವಾಗಿ ಕೂರುವುದಿಲ್ಲ. ಪ್ಲೂಮ್ ನೇರ ಗೆರೆಯಲ್ಲಿ ಬರುತ್ತದೆ, ಕಣಿವೆಗಳ ಪಕ್ಕಗೋಡೆ ನೆರಳಲ್ಲಿ ಉಳಿಯುತ್ತದೆ. 25 ಮಿ.ಮೀ. ಬಿಲ್ಲೆಗೆ ಸರಿ. ಸೊಂಟದ ಕಾಂಡವನ್ನು ಸುತ್ತ ತಿರುಗಿಸುತ್ತಾ, ಮೇಲೆ ಕೆಳಗೆ ಜರುಗಿಸುತ್ತಾ ಲೇಪಿಸಲು ಒಂದೊಂದಕ್ಕೂ ಗಂಟೆಗಟ್ಟಲೆ. ಹಲ್ಲಿನ ಇಂಪ್ಲಾಂಟ್ ಚಿಕ್ಕದು, ಅಲ್ಲಿ ನಿಮ್ಮ ವಿಧಾನಕ್ಕೆ ಜಾಗ ಇದೆ ಎಂದು ಒಪ್ಪುತ್ತೇನೆ.

ಉಕ್ಕುತುಕ್ಕು

ಎಕ್ಸೈಮರ್ ಎಲ್ಲರ ಹತ್ತಿರ ಇರುವುದಿಲ್ಲ. ಪೀಣ್ಯದ ಕಡೆ ಗಲ್ಲಿಗೊಂದು ಫೈಬರ್ ಮಾರ್ಕಿಂಗ್ ಮಷಿನ್ ಇದೆ, 20-50 ವ್ಯಾಟ್. ಅದರಲ್ಲಿ ಆಗುತ್ತದೆಯೇ?

ಕಿರಣರೇಖೆ

ಗಾಜು ಕರಗಿಸಲು ಆಗುವುದಿಲ್ಲ. ಅದು ನ್ಯಾನೊಸೆಕೆಂಡ್ ಮಿಡಿತ. ಸರಾಸರಿ 20 ವ್ಯಾಟ್ ಆದರೂ ಮಿಡಿತದ ತುದಿಯಲ್ಲಿ ಕಿಲೋವ್ಯಾಟ್‌ಗಳು. ಪುಡಿ ಕರಗುವ ಮೊದಲೇ ಸಿಡಿದು ಹಾರುತ್ತದೆ. ಆದರೆ ಲೇಪನಕ್ಕೆ ಮುಂಚೆ ಟೈಟೇನಿಯಂ ಮೇಲ್ಮೈಗೆ ಗೆರೆಗುಳಿ ಕೊರೆಯಲು ಅದು ಬಹಳ ಒಳ್ಳೆಯದು. ಗ್ರಿಟ್ ಬ್ಲಾಸ್ಟಿಂಗೇ ಬೇಡ, ಅಲ್ಯೂಮಿನಾ ಕಳಂಕವೂ ಇಲ್ಲ.

ಕರಗಿಸಲು ಅಕ್ರಿಲಿಕ್ ಕತ್ತರಿಸುವ ಅಂಗಡಿಯ 60-80 ವ್ಯಾಟ್ ಕಾರ್ಬನ್ ಡೈಆಕ್ಸೈಡ್ ಟ್ಯೂಬ್ ಸಾಕು. ಫೋಕಸ್‌ನಲ್ಲಿ ಬಳಸಬಾರದು. 50 ಮಿ.ಮೀ. ಲೆನ್ಸ್‌ಗೆ ಬರುವ ಕಿರಣ 6 ಮಿ.ಮೀ. ಅಗಲ ಇದ್ದರೆ, 1.5 ಮಿ.ಮೀ. ಸ್ಪಾಟ್ ಪಡೆಯಲು ಫೋಕಸ್‌ನಿಂದ 12.5 ಮಿ.ಮೀ. ಸರಿಸಬೇಕು. ಏರ್ ಅಸಿಸ್ಟ್ ಪೈಪ್ ಕಿತ್ತು ಆರ್ಗಾನ್ ಕೊಡಿ, ಆದರೆ ನಾಜಲ್ ಗಾಳಿ ಪುಡಿಯನ್ನು ಊದದಷ್ಟು ಮೆಲ್ಲಗೆ. 30 ವ್ಯಾಟ್, ಸೆಕೆಂಡಿಗೆ 5 ಮಿ.ಮೀ.ನಿಂದ ಶುರು ಮಾಡಿ, ಚದರ ಮಿ.ಮೀ.ಗೆ 4 ಜೌಲ್. ಗೆರೆಗಳು ಮೂರನೇ ಒಂದರಷ್ಟು ಒಂದರ ಮೇಲೊಂದು ಬರಲಿ.

ಇಲ್ಲಿನ ತೊಂದರೆ ಫೈಬರ್‌ಗೆ ತಿರುವುಮುರುವು: ಮೇಲ್ಭಾಗ ಮೊದಲು ಕರಗಿ, ಶಾಖ ಕೆಳಗಿಳಿಯಬೇಕು. ಗಟ್ಟಿ ಗಾಜಿನಲ್ಲಿ 150 ಮೈಕ್ರಾನ್ ದಾಟಲು ಸುಮಾರು 0.05 ಸೆಕೆಂಡ್, ಸಡಿಲ ಪುಡಿಯಲ್ಲಿ ಅದರ ಕೆಲವು ಪಟ್ಟು. ನಿಮ್ಮ ಸ್ಪಾಟ್ ಒಂದು ಬಿಂದುವಿನ ಮೇಲೆ ಇರುವುದು 0.3 ಸೆಕೆಂಡ್. ಅಷ್ಟಕ್ಕಷ್ಟೇ. ಆದ್ದರಿಂದ ಒಂದೇ ಸಲಕ್ಕೆ 150 ಬೇಡ, 60 ಮೈಕ್ರಾನ್‌ನ ಎರಡು ಪದರ ಹಾಕಿ. ಅಡಿ ಕರಗದಿದ್ದರೆ ಪದರ ಇಡೀ ಹಾಳೆಯಂತೆ ಎದ್ದು ಬರುತ್ತದೆ, ತಿರುಗಿಸಿ ನೋಡಿದರೆ ಕೆಳಮುಖದಲ್ಲಿ ಪುಡಿ ಪುಡಿಯಾಗೇ ಇರುತ್ತದೆ. ಪವರ್ ಹೆಚ್ಚಾದರೆ ಬಿಳಿ ಹೊಗೆ ಎದ್ದು ಸುತ್ತ ಬಿಳಿ ಪುಡಿ ಕೂರುತ್ತದೆ; ಸೋಡಿಯಂ, ಫಾಸ್ಫರಸ್ ಹಾರಿಹೋಗುತ್ತಿದೆ ಎಂದು ಅರ್ಥ. ಕೂಡಲೇ ಇಳಿಸಿ.

ಕಣ್ಣಿಗೆ: 10.6 ಮೈಕ್ರಾನ್ ಚದುರುವಿಕೆಗೆ ಪಾಲಿಕಾರ್ಬನೇಟ್ ಕನ್ನಡಕ ನಿಲ್ಲುತ್ತದೆ, 1070ಕ್ಕೆ ಅದೇ ಕನ್ನಡಕ ಪೂರ್ತಿ ನಿಷ್ಪ್ರಯೋಜಕ. ಎರಡೂ ಲೇಸರ್ ಇರುವ ಕೋಣೆಯಲ್ಲಿ ಕನ್ನಡಕಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಕುಲುಮೆಕಟ್ಟೆ

ಗಾಜಿನ ಪಾಕ ಕೊಡುತ್ತೇನೆ, 100 ಗ್ರಾಂ 6ಪಿ57ಕ್ಕೆ: ಶುದ್ಧ ಸಿಲಿಕಾ 56.5 ಗ್ರಾಂ, ಸೋಡಿಯಂ ಕಾರ್ಬನೇಟ್ 18.8, ಪೊಟ್ಯಾಸಿಯಂ ಕಾರ್ಬನೇಟ್ 4.4, ಕ್ಯಾಲ್ಸಿಯಂ ಕಾರ್ಬನೇಟ್ 26.8, ಮೆಗ್ನೀಸಿಯಂ ಆಕ್ಸೈಡ್ 8.5, ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ 9.7. ಪೊಟ್ಯಾಸಿಯಂ ಕಾರ್ಬನೇಟ್ ಗಾಳಿಯ ನೀರು ಕುಡಿಯುತ್ತದೆ. 200 ಡಿಗ್ರಿಯಲ್ಲಿ ಒಣಗಿಸದೆ ತೂಗಿದರೆ ಲೆಕ್ಕ ತಪ್ಪುತ್ತದೆ. ಮೊದಲು ನಿಧಾನವಾಗಿ ಕಾಯಿಸಿ ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಹೊರಹೋಗಲು ಬಿಡಿ, ಫ್ಯೂಮ್ ಹುಡ್ ಕಡ್ಡಾಯ. ಅವಸರ ಮಾಡಿದರೆ ಮೂಸೆ ಉಕ್ಕುತ್ತದೆ. ಪ್ಲಾಟಿನಂ ಮೂಸೆಯಲ್ಲಿ 1400 ಡಿಗ್ರಿಯ ಸುಮಾರಿಗೆ ಕರಗಿಸಿ, ಕಬ್ಬಿಣದ ತಟ್ಟೆಗೆ ಸುರಿದು, ಒಡೆದು ಮತ್ತೊಮ್ಮೆ ಕರಗಿಸಿ. ಎರಡನೇ ಸಲ ಕರಗಿಸದ ಗಾಜಿನಲ್ಲಿ ಎಳೆಎಳೆ ಉಳಿಯುತ್ತದೆ.

ಅರೆಯುವುದು ಅಗೇಟ್ ಅಥವಾ ಜಿರ್ಕೋನಿಯಾದಲ್ಲಿ, ಎಥನಾಲ್ ಹಾಕಿ. ನೀರು ಬೇಡ, ನೀರಿನಲ್ಲಿ ಸೋಡಿಯಂ ಬಿಟ್ಟು ಪುಡಿಯ ಮೈಯೇ ಬದಲಾಗುತ್ತದೆ. 120 ಡಿಗ್ರಿಯಲ್ಲಿ ಒಣಗಿಸಿ ಡೆಸಿಕೇಟರ್‌ಗೆ.

ಬೈಂಡರ್ ಸುಡುವುದನ್ನು ಲೇಸರ್‌ಗೆ ಬಿಡಬೇಡಿ. ನಿಮ್ಮ ಕಪ್ಪು ಬಣ್ಣದಲ್ಲಿ ಟೈಟೇನಿಯಂ ಜೊತೆ ಇಂಗಾಲವೂ ಇದೆ. ಗಾಳಿಯಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ 400ಕ್ಕೆ ಏರಿಸಿ ಒಂದು ಗಂಟೆ. ಆ ಉಷ್ಣತೆಯಲ್ಲಿ ಟೈಟೇನಿಯಂ ಮೇಲೆ ಬಣ್ಣದ ತೆಳು ಆಕ್ಸೈಡ್ ಮಾತ್ರ ಬರುತ್ತದೆ, ಹಾನಿಯಿಲ್ಲ. ಆಮೇಲೆ ಆರ್ಗಾನ್ ಕೆಳಗೆ ಬಿಲ್ಲೆಯನ್ನು 450ಕ್ಕೆ ಪ್ರೀಹೀಟ್ ಮಾಡಿ ಲೇಸರ್ ಓಡಿಸಿ. ಓಡಿಸಿದ ಕೂಡಲೇ ಹೀಟರ್ ಆರಿಸಬಾರದು. ಗಾಜು ಗಟ್ಟಿಯಾಗುವ ಉಷ್ಣತೆಯಲ್ಲಿ ಅರ್ಧ ಗಂಟೆ ಹಿಡಿದು ನಿಮಿಷಕ್ಕೆ 2 ಡಿಗ್ರಿ ಇಳಿಸಿ. ಇದರಿಂದ ಲೇಸರ್ ಗೆರೆಗಳ ನಡುವಿನ ಎಳೆತ ಹೋಗುತ್ತದೆ. ಲೋಹ-ಗಾಜಿನ ಹಿಗ್ಗುವಿಕೆ ವ್ಯತ್ಯಾಸದ ಎಳೆತ ಉಳಿದೇ ಉಳಿಯುತ್ತದೆ, ಅದಕ್ಕೇ ಗಾಜು ಬದಲಿಸಿದ್ದು. ಬಿಲ್ಲೆಯ ಅಂಚನ್ನು 0.5 ಮಿ.ಮೀ. ಚೇಂಫರ್ ಮಾಡಿ (ಓರೆಯಾಗಿ ಸವೆಸಿ). ಚೂಪು ಅಂಚಿನಿಂದಲೇ ಚಕ್ಕೆ ಏಳಲು ಆರಂಭ.

ಪುಡಿಗಾಜು

ಬಹಳ ಉಪಕಾರ. ಪರೀಕ್ಷೆಯ ಬಗ್ಗೆಯೂ ಹೇಳಿ. ಎಸ್‌ಬಿಎಫ್‌ನಲ್ಲಿ (ದೇಹದ್ರವವನ್ನು ಹೋಲುವ ಪ್ರಯೋಗಾಲಯದ ದ್ರಾವಣ) ಒಂದು ಬಿಲ್ಲೆಗೆ 50 ಎಂ.ಎಲ್. ಸಾಕೇ?

ಮೂಳೆಮಜ್ಜೆ

ಸಾಲದು. ಎಸ್‌ಬಿಎಫ್‌ಗೆ ಬಳಸುವ ಕೊಕುಬೊ ಪದ್ಧತಿಯಲ್ಲಿ ದ್ರವದ ಎಂ.ಎಲ್. ಅಂದರೆ ಮೇಲ್ಮೈಯ ಚದರ ಮಿ.ಮೀ. ಭಾಗಿಸು 10. ನಿಮ್ಮ ಬಿಲ್ಲೆಯ ಎರಡು ಮುಖ 982, ಅಂಚು 314, ಒಟ್ಟು 1296 ಚದರ ಮಿ.ಮೀ. ಆದ್ದರಿಂದ 130 ಎಂ.ಎಲ್.

ಒಂದು ಲೀಟರ್‌ಗೆ: ಪ್ಲಾಸ್ಟಿಕ್ ಬೀಕರ್‌ನಲ್ಲಿ 700 ಎಂ.ಎಲ್. ಶುದ್ಧ ನೀರು 36.5 ಡಿಗ್ರಿಗೆ ಬಿಸಿ ಮಾಡಿ, ಇದೇ ಕ್ರಮದಲ್ಲಿ ಒಂದು ಕರಗಿದ ಮೇಲೆ ಇನ್ನೊಂದು. ಸೋಡಿಯಂ ಕ್ಲೋರೈಡ್ 8.035 ಗ್ರಾಂ, ಸೋಡಿಯಂ ಬೈಕಾರ್ಬನೇಟ್ 0.355, ಪೊಟ್ಯಾಸಿಯಂ ಕ್ಲೋರೈಡ್ 0.225, ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ ಟ್ರೈಹೈಡ್ರೇಟ್ 0.231, ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 0.311, ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 39 ಎಂ.ಎಲ್., ಕ್ಯಾಲ್ಸಿಯಂ ಕ್ಲೋರೈಡ್ 0.292, ಸೋಡಿಯಂ ಸಲ್ಫೇಟ್ 0.072. ಕೊನೆಗೆ ಟ್ರಿಸ್ (ಪಿಎಚ್ ಸ್ಥಿರವಾಗಿಡುವ ಬಫರ್) 6.118 ಗ್ರಾಂ ಸ್ವಲ್ಪ ಸ್ವಲ್ಪವಾಗಿ, ಪಿಎಚ್ ಮೀಟರ್ ನೋಡುತ್ತಾ. ಒಮ್ಮೆಗೇ ಸುರಿದರೆ ಪಿಎಚ್ ಸ್ಥಳೀಯವಾಗಿ ಜಿಗಿದು ಕ್ಯಾಲ್ಸಿಯಂ ಫಾಸ್ಫೇಟ್ ಒತ್ತರಿಸಿ ಬರುತ್ತದೆ. ಅಂತಿಮ ಪಿಎಚ್ 36.5 ಡಿಗ್ರಿಯಲ್ಲಿ 7.40. ಮೋಡ ಕವಿದಂತೆ ಕಂಡರೆ ಚೆಲ್ಲಿ ಮತ್ತೆ ಮಾಡಿ, ಸೋಸಿ ಬಳಸಬೇಡಿ. ಗಾಜಿನ ಪಾತ್ರೆಯೂ ಬೇಡ, ಪಾತ್ರೆಯ ಗೀರುಗಳ ಮೇಲೆ ಅಪಟೈಟ್ ಹುಟ್ಟುತ್ತದೆ.

ಬಿಲ್ಲೆಯನ್ನು ಲೇಪನದ ಮುಖ ಕೆಳಗಾಗಿ ಓರೆಯಾಗಿ ಇಡಿ. ಮೇಲ್ಮುಖವಾಗಿಟ್ಟರೆ ದ್ರವದಿಂದ ಬಿದ್ದ ಕೆಸರನ್ನು ಬೆಳವಣಿಗೆ ಎಂದು ತಪ್ಪು ತಿಳಿಯುತ್ತೀರಿ. ಅಪಟೈಟ್ ಗುರುತಿಸಲು ಎಫ್‌ಟಿಐಆರ್‌ನಲ್ಲಿ (ಅವಕೆಂಪು ಬೆಳಕಿನ ಪರೀಕ್ಷೆ) 560, 600ರ ಜೋಡಿ ಶಿಖರ, ಎಕ್ಸ್‌ಆರ್‌ಡಿಯಲ್ಲಿ 25.9 ಮತ್ತು 31.8 ಡಿಗ್ರಿ ನೋಡಿ. ಎಸ್‌ಬಿಎಫ್‌ನಲ್ಲಿ ಅಪಟೈಟ್ ಬೆಳೆದದ್ದು ದೇಹದೊಳಗೆ ಮೂಳೆ ಅಂಟುತ್ತದೆ ಎಂಬುದಕ್ಕೆ ಸುಳಿವು ಅಷ್ಟೇ, ಪುರಾವೆಯಲ್ಲ.

ಹಿಡಿತದ ಪರೀಕ್ಷೆಗೆ ಲೇಪನದ ಮೇಲೆ ಎಪಾಕ್ಸಿಯಿಂದ ಇನ್ನೊಂದು ಸಿಲಿಂಡರ್ ಅಂಟಿಸಿ ಎಳೆಯುವ ವಿಧಾನ ಗೊತ್ತಿರಬಹುದು. ಹೈಡ್ರಾಕ್ಸಿಅಪಟೈಟ್ ಲೇಪನಕ್ಕೆ ಐಎಸ್‌ಒ 13779 ಕೇಳುವುದು 15 ಮೆಗಾಪ್ಯಾಸ್ಕಲ್. ಗಾಜಿಗೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಗುಳ್ಳೆ ಅಥವಾ ಬಿರುಕಿನ ಮೂಲಕ ಎಪಾಕ್ಸಿ ಲೋಹದವರೆಗೆ ಇಳಿದರೆ ಸಂಖ್ಯೆ ಸುಳ್ಳಾಗಿ ಏರುತ್ತದೆ. ಎಲ್ಲಿ ಮುರಿಯಿತು, ಅಂಟಿನಲ್ಲೋ, ಗಾಜಿನಲ್ಲೋ, ಗಡಿಯಲ್ಲೋ ಎಂದು ಪ್ರತಿ ಬಿಲ್ಲೆಗೂ ಬರೆದಿಡಿ. ಒಣ ಬಿಲ್ಲೆಯನ್ನಷ್ಟೇ ಎಳೆದು ನಿಲ್ಲಿಸಬೇಡಿ, ಎಸ್‌ಬಿಎಫ್‌ನಲ್ಲಿ ನಾಲ್ಕು ವಾರ ನೆನೆದದ್ದನ್ನೂ ಎಳೆಯಿರಿ.

ಜೀವಕೋಶ ಪರೀಕ್ಷೆಗೆ ಕಳಿಸುವಾಗ ಆಟೋಕ್ಲೇವ್ ಮಾಡಿಸಬೇಡಿ, ಹಬೆಗೆ ಗಾಜಿನ ಮೈ ಆಗಲೇ ಪ್ರತಿಕ್ರಿಯಿಸಿಬಿಡುತ್ತದೆ. ಎಥಿಲೀನ್ ಆಕ್ಸೈಡ್ ಅಥವಾ 25 ಕಿಲೋಗ್ರೇ ಗಾಮಾ. ಗಾಮಾದಿಂದ ಗಾಜು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಬಣ್ಣದ ಕೇಂದ್ರಗಳು ಮಾತ್ರ.

ಪುಡಿಗಾಜು

ಪ್ಲಾಟಿನಂ ಮೂಸೆಗೆ ವ್ಯವಸ್ಥೆ ಆಗುತ್ತದೆ. 6ಪಿ57, ಕಾರ್ಬನ್ ಡೈಆಕ್ಸೈಡ್ ಲೇಸರ್, 60 ಮೈಕ್ರಾನ್‌ನ ಎರಡು ಪದರ, 450 ಪ್ರೀಹೀಟ್. ಗೆರೆಗುಳಿ ಮಾರ್ಕಿಂಗ್ ಮಷಿನ್‌ನಲ್ಲಿ. ಮೊದಲ ಬಿಲ್ಲೆ ತಣ್ಣಗಾದ ಕೂಡಲೇ ಎಸ್‌ಇಎಂಗೆ ಕೊಡಲೇ?

ಕುಲುಮೆಕಟ್ಟೆ

ಬೇಡ. ಮೂರು ದಿನ ತೆರೆದ ಗಾಳಿಯಲ್ಲಿ ಇಡಿ, ಡೆಸಿಕೇಟರ್‌ನಲ್ಲಲ್ಲ. ತೇವಕ್ಕೆ ತೆವಳುವ ಬಿರುಕು ಇದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣ) ಹಚ್ಚಿ ನೋಡಿ. ಆ ಬಿಲ್ಲೆಯನ್ನು ಮತ್ತೆ ಎಸ್‌ಬಿಎಫ್‌ಗೆ ಬಳಸುವಂತಿಲ್ಲ, ಹಾಗಾಗಿ ಒಂದೇ ಬ್ಯಾಚ್‌ನಲ್ಲಿ ಕನಿಷ್ಠ ಆರು ಮಾಡಿಕೊಳ್ಳಿ. ಒಂದನ್ನು ಅಡ್ಡ ಕತ್ತರಿಸುವಾಗ ಲೇಪನದ ಕಡೆಯಿಂದ ಲೋಹದ ಕಡೆಗೆ ಬ್ಲೇಡ್ ಹೋಗಬೇಕು, ರೆಸಿನ್‌ನಲ್ಲಿ ಹುದುಗಿಸಿದ ಮೇಲೆಯೇ. ಉಲ್ಟಾ ಕತ್ತರಿಸಿದರೆ ಬ್ಲೇಡೇ ಲೇಪನವನ್ನು ಕೀಳುತ್ತದೆ, ಆಮೇಲೆ ಆ ಬಿರುಕಿಗೆ ಲೇಸರ್‌ನ ಮೇಲೆ ಅಪವಾದ ಬರುತ್ತದೆ.